ವೈಜನಾಥ ಬಿರಾದಾರ್: ಭಿಕ್ಷುಕ, ಕುಡುಕ, ಆಮೇಲೆ ಈರ್ಯಾ

ಕಲ್ಯಾಣ ಕರ್ನಾಟಕದಿಂದ ಬಂದ ಸಿನಿಮಾ ನಟರಲ್ಲಿ ಯಾರಿಗೆ ಸಿಗಬೇಕಾದಷ್ಟು ಬೆಲೆ ಸಿಗಲಿಲ್ಲ ಅಂತ ಕೇಳಿದ್ದೀರಿ. ನಾನು ಕಲಬುರಗಿಯವನು. ನನ್ನ ಉತ್ತರ ವೈಜನಾಥ ಬಿರಾದಾರ್. ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವರು.

ಹೆಸರು ಕೇಳಿದ ತಕ್ಷಣ ನಿಮಗೆ ಮುಖ ನೆನಪಾಗದೆ ಇರಬಹುದು. ನಮ್ಮ ಕಡೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಬಿರಾದಾರ್ರೇ’ ಅಂತ ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ, ಅಷ್ಟು ಸಾಮಾನ್ಯ ಅಡ್ಡಹೆಸರು ಅದು. ಆದರೆ ಮುಖ ತೋರಿಸಿದರೆ ಗೊತ್ತಿಲ್ಲ ಅನ್ನುವವರು ಕಡಿಮೆ. ಕಡ್ಡಿಯಂಥ ಮೈ, ಒಳಗೆ ಹೋದ ಕೆನ್ನೆ, ಮಾಸಿದ ಬಟ್ಟೆ. ಭಿಕ್ಷುಕನ ಪಾತ್ರ ಅಂದರೆ ಬಿರಾದಾರ್, ಕುಡುಕನ ಪಾತ್ರ ಅಂದರೆ ಬಿರಾದಾರ್. ಎಷ್ಟೋ ವರ್ಷ ಕನ್ನಡ ಸಿನಿಮಾದಲ್ಲಿ ಇದೇ ಲೆಕ್ಕ.

ಇಲ್ಲಿನ ಖಾನಾವಳಿಗಳಲ್ಲಿ ಮಧ್ಯಾಹ್ನ ಟಿವಿಯಲ್ಲಿ ಯಾವುದಾದರೂ ಹಳೇ ಸಿನಿಮಾ ಓಡುತ್ತಿರುತ್ತದೆ. ಯಾರೂ ಅಷ್ಟಾಗಿ ನೋಡುವುದಿಲ್ಲ, ರೊಟ್ಟಿ ಮುರಿಯುವುದರಲ್ಲೇ ಇರುತ್ತಾರೆ. ಇವರು ಬಂದರು ಅಂದರೆ ಮಾತ್ರ ತಲೆ ಎತ್ತುತ್ತಾರೆ. ‘ಏ, ನಮ್ಮ ಬೀದರದಂವ ಬಂದ ನೋಡ್ರಿ’ ಅಂತ ಯಾರೋ ಒಬ್ಬರು ಅಂದೇ ಅನ್ನುತ್ತಾರೆ. ಎಲ್ಲರೂ ನಗುತ್ತಾರೆ. ಅರ್ಧ ನಿಮಿಷಕ್ಕೆ ಆ ಪಾತ್ರ ಮುಗಿಯುತ್ತದೆ, ಮತ್ತೆ ಎಲ್ಲರ ಕಣ್ಣು ಪಲ್ಯದ ಕಡೆ.

ನನ್ನ ತಕರಾರು ಇರುವುದು ಆ ಅರ್ಧ ನಿಮಿಷದ ಬಗ್ಗೆ. ಕಾಮಿಡಿ ಟ್ರ್ಯಾಕಿನ ಭಿಕ್ಷುಕ ಬರುತ್ತಾನೆ, ಹೀರೋನ ಗೆಳೆಯ ಬೈಯುತ್ತಾನೆ, ಇವನು ಒಂದು ತಿರುಗೇಟು ಕೊಡುತ್ತಾನೆ, ಹೋಗುತ್ತಾನೆ. ಅವನು ರಾತ್ರಿ ಎಲ್ಲಿ ಮಲಗುತ್ತಾನೆ, ಮನೆಯಲ್ಲಿ ಯಾರಿದ್ದಾರೆ ಅಂತ ಸಿನಿಮಾ ಕೇಳುವುದೇ ಇಲ್ಲ. ನಟನಿಗೂ ಅದನ್ನು ಯೋಚಿಸಲು ಜಾಗ ಇರುವುದಿಲ್ಲ. ಬಂದಷ್ಟು ಹೊತ್ತು ನಗಿಸಬೇಕು, ಅಷ್ಟೇ. ಅದರಲ್ಲೂ ಬಿರಾದಾರ್ ಗಿಟ್ಟಿಸಿಕೊಂಡದ್ದು ಕಡಿಮೆಯೇನಲ್ಲ. ಕುಡುಕನ ಪಾತ್ರ ಸಿಕ್ಕರೆ ಜಾಸ್ತಿ ಜನ ತೂರಾಡಿ, ನಾಲಿಗೆ ಹೊರಳಿಸಿ ಮುಗಿಸಿಬಿಡುತ್ತಾರೆ. ಇವರ ಕುಡುಕನಲ್ಲಿ ನನಗೆ ಇಷ್ಟವಾಗುವುದು ಅವನ ಗತ್ತು. ತಾನೇನೋ ಭಾರೀ ಬುದ್ಧಿವಂತಿಕೆಯ ಮಾತು ಆಡುತ್ತಿದ್ದೇನೆ ಅನ್ನುವ ಹಾಗೆ ಮುಖ ಇರುತ್ತದೆ. ನಗು ಬರುವುದೇ ಅದಕ್ಕೆ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಗಿರೀಶ್ ಕಾಸರವಳ್ಳಿ 2010ರಲ್ಲಿ ‘ಕನಸೆಂಬೋ ಕುದುರೆಯನೇರಿ’ ಮಾಡಿದರು. ಅಮರೇಶ ನುಗಡೋಣಿ ಅವರ ‘ಸವಾರಿ’ ಕಥೆ ಅದಕ್ಕೆ ಆಧಾರ. ಅದರಲ್ಲಿ ಬಿರಾದಾರ್ ಮುಖ್ಯ ಪಾತ್ರ, ಈರ್ಯಾ. ಊರಿನಲ್ಲಿ ಹೆಣಗಳಿಗೆ ಕುಣಿ ತೋಡುವವನು. ಹೆಂಡತಿ ರುದ್ರಿಯಾಗಿ ಉಮಾಶ್ರೀ. ಈರ್ಯಾನ ಕನಸಿನಲ್ಲಿ ಸಿದ್ಧ ಅನ್ನುವ ಸಾಧು ಬಂದ ಅಂದರೆ ಊರಲ್ಲಿ ಯಾರೋ ಸತ್ತಿದ್ದಾರೆ ಅಂತ ಅವನ ನಂಬಿಕೆ. ಆ ನಂಬಿಕೆ ಹುಸಿ ಹೋದದ್ದಿಲ್ಲ. ಒಂದು ದಿನ ಸಿದ್ಧ ಕನಸಿಗೆ ಬರುತ್ತಾನೆ. ಊರ ಗೌಡರು ಹಾಸಿಗೆ ಹಿಡಿದಿದ್ದಾರೆ, ಹಾಗಾಗಿ ಅವರೇ ಇರಬೇಕು ಅಂತ ಇವನು ದೊಡ್ಡ ಮನೆಗೆ ಹೋಗುತ್ತಾನೆ. ಗೌಡರಿಗೆ ಏನೂ ಆಗಿಲ್ಲ ಅನ್ನುತ್ತಾರೆ ಅಲ್ಲಿನವರು.

ನಿಜವಾಗಿ ಗೌಡರು ತೀರಿಕೊಂಡಿದ್ದಾರೆ. ಮನೆಯವರು ಸುದ್ದಿ ಮುಚ್ಚಿಟ್ಟಿದ್ದಾರೆ. ಸಿನಿಮಾ ಇದನ್ನು ಒಮ್ಮೆಗೇ ಹೇಳುವುದಿಲ್ಲ. ಮೊದಲು ಈರ್ಯಾನ ಕಡೆಯಿಂದ ಕಥೆ ನಡೆಯುತ್ತದೆ, ಆಮೇಲೆ ಅದೇ ಘಟನೆಗಳನ್ನು ಇನ್ನೊಂದು ಕಡೆಯಿಂದ ತೋರಿಸುತ್ತಾರೆ. ಈ ಜೋಡಣೆ ನಿಲ್ಲಬೇಕಾದರೆ ಮೊದಲ ಭಾಗದಲ್ಲಿ ನಾವು ಈರ್ಯಾನ ಜೊತೆ ಗೊಂದಲಕ್ಕೆ ಬೀಳಬೇಕು. ಅವನಿಗೆ ದೊಡ್ಡ ಮನೆಯವರ ಮಾತಿನ ಮೇಲೆ ಅನುಮಾನ ಬರುವುದಿಲ್ಲ. ದೊಡ್ಡವರು ಸುಳ್ಳು ಯಾಕೆ ಹೇಳುತ್ತಾರೆ? ಅನುಮಾನ ಬರುವುದು ತನ್ನ ಕನಸಿನ ಮೇಲೆ. ಸಿದ್ಧನೇ ಸುಳ್ಳಾದನಾ ಅಂತ ಕುಸಿಯುತ್ತಾನೆ. ಇದನ್ನು ಡೈಲಾಗ್ ಹೊಡೆದು ತೋರಿಸಲು ಆಗುವುದಿಲ್ಲ. ಬಿರಾದಾರ್ ಮೈಯಲ್ಲೇ ತೋರಿಸುತ್ತಾರೆ. ಉಮಾಶ್ರೀ ಆ ಹೊತ್ತಿಗಾಗಲೇ ಕಾಸರವಳ್ಳಿಯವರದೇ ‘ಗುಲಾಬಿ ಟಾಕೀಸು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದಿದ್ದವರು. ಅಂಥವರ ಎದುರು ಇವರು ಎಲ್ಲೂ ಸಣ್ಣವರಾಗಿ ಕಾಣುವುದಿಲ್ಲ.

ಗಮನಿಸಿ, ಈ ಪಾತ್ರಕ್ಕೆ ಅವರು ಮೈ ಇಳಿಸಬೇಕಾಗಿರಲಿಲ್ಲ, ವೇಷವನ್ನೂ ಹೆಚ್ಚು ಬದಲಾಯಿಸಬೇಕಾಗಿರಲಿಲ್ಲ. ಅದೇ ಬಡಕಲು ದೇಹ, ಅದೇ ಕೆನ್ನೆ. ಕಾಮಿಡಿಯಲ್ಲಿ ನಾವು ನೋಡಿ ನಕ್ಕ ಮನುಷ್ಯನೇ ಇಲ್ಲಿ ಕುಣಿ ತೋಡುತ್ತಿದ್ದಾನೆ. ಬೇರೆಯಾದದ್ದು ಇಷ್ಟೇ: ಈ ಸಲ ಕ್ಯಾಮೆರಾ ಅವರ ಜೊತೆ ಮನೆ ತನಕ ಹೋಯಿತು.

ಆ ಚಿತ್ರಕ್ಕೆ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಚಿತ್ರಕಥೆಗೆ ಗೋಪಾಲಕೃಷ್ಣ ಪೈ ಮತ್ತು ಕಾಸರವಳ್ಳಿ ಇಬ್ಬರಿಗೂ ಬಂತು. ಬಿರಾದಾರ್‌ಗೆ ಪ್ರಶಸ್ತಿ ಬಂದದ್ದು ದೂರದ ಸ್ಪೇನ್‌ನಿಂದ. 2011ರಲ್ಲಿ ಮ್ಯಾಡ್ರಿಡ್‌ನ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವದಲ್ಲಿ ಅವರು ಅತ್ಯುತ್ತಮ ನಟ. ಪೇಪರಿನಲ್ಲಿ ಸುದ್ದಿ ಬಂತು, ನಮ್ಮ ಕಡೆ ಜನ ಖುಷಿಪಟ್ಟರು. ಅದಾದ ಮೇಲೆ ನಿರ್ಮಾಪಕರು ಇವರಿಗೆ ಅಂತಲೇ ಕಥೆ ಬರೆಸಿಕೊಂಡು ಬರಬೇಕಿತ್ತು, ಅಲ್ವಾ? ನಾನು ಕಂಡ ಹಾಗೆ ಹೆಚ್ಚಿನಂಶ ಮತ್ತೆ ಅದೇ ಬಾಟಲಿ, ಅದೇ ತಟ್ಟೆ.

2023ರಲ್ಲಿ ಅವರೇ ಹೀರೋ ಆಗಿರುವ ಸಿನಿಮಾ ಬಂತು. ಅವರ 500ನೇ ಚಿತ್ರ ಅಂತ ಪ್ರಚಾರ ಮಾಡಿದರು. ಹೆಸರು ‘90 ಹೊಡಿ ಮನೀಗ್ ನಡಿ’. ಹೀರೋ ಆದರೂ ತೊಂಬತ್ತು ಎಂ.ಎಲ್. ಎಣ್ಣೆ ಬಿಡಲಿಲ್ಲ! ನಗು ಬಂತು, ಸ್ವಲ್ಪ ಬೇಜಾರೂ ಆಯಿತು. ಆದರೆ 500 ಅನ್ನುವುದನ್ನು ಸುಮ್ನೆ ದಾಟಿ ಹೋಗಬೇಡಿ. 1980ರ ದಶಕದ ಶುರುವಿನಿಂದ ಲೆಕ್ಕ ಹಾಕಿದರೆ ವರ್ಷಕ್ಕೆ ಸರಾಸರಿ 12 ಸಿನಿಮಾ ಆಗುತ್ತದೆ, ಅಂದರೆ ತಿಂಗಳಿಗೊಂದು. ಅದೂ ನಾಲ್ಕು ದಶಕ. ಬೀದರ್‌ನಿಂದ ಬೆಂಗಳೂರಿಗೆ 700 ಕಿಲೋಮೀಟರ್ ಹತ್ತಿರ ದೂರ, ಹೈದರಾಬಾದೇ ನಮಗೆ ಪಕ್ಕದೂರು. ಅಲ್ಲಿಂದ ಹೋಗಿ, ಗಾಂಧಿನಗರದಲ್ಲಿ ಇಷ್ಟು ವರ್ಷ ಕೆಲಸ ಸಿಗುತ್ತಲೇ ಇತ್ತು ಅಂದರೆ ನಿರ್ದೇಶಕರಿಗೆ ಇವರ ಮೇಲೆ ಭರವಸೆ ಇತ್ತು ಅಂತಾಯಿತು. ಭರವಸೆ ಇಟ್ಟವರೇ ಪಾತ್ರ ದೊಡ್ಡದು ಮಾಡಲಿಲ್ಲ, ಅದು ಬೇರೆ ಮಾತು.

ಭಾಷೆಯದ್ದೂ ಒಂದು ಕಥೆ ಇದೆ. ಸಿನಿಮಾದಲ್ಲಿ ಉತ್ತರ ಕರ್ನಾಟಕದವನು ಅಂದರೆ ಎಲ್ಲರಿಗೂ ಒಂದೇ ಥರದ ಮಾತು. ಕೊನೆಗೆ ಒಂದು ‘ರೀ’, ನಡುವೆ ಒಂದು ‘ಲೇ’. ಬೀದರ್-ಕಲಬುರಗಿಯ ‘ಏನ್ ಮಾಡ್ಲತ್ತಿರಿ’ ಅನ್ನುವ ಧಾಟಿ, ಅದರಲ್ಲಿ ಬೆರೆತ ಉರ್ದು, ಮರಾಠಿ ತೆರೆಯ ಮೇಲೆ ಸಿಗುವುದು ಅಪರೂಪ. ಅದನ್ನು ಹುಟ್ಟಿನಿಂದ ಬಲ್ಲ ನಟನನ್ನು ಕೈಯಲ್ಲಿಟ್ಟುಕೊಂಡೂ ಸರಿಯಾಗಿ ಬಳಸಿಕೊಳ್ಳಲಿಲ್ಲ ಅನ್ನುವುದು ನನ್ನ ಸಿಟ್ಟು.

ಎಲ್ಲಿಂದ ನೋಡಲು ಶುರು ಮಾಡಲಿ ಅಂತಲೂ ಕೇಳಿದ್ದೀರಿ. ಮೊದಲು ‘ಕನಸೆಂಬೋ ಕುದುರೆಯನೇರಿ’ ನೋಡಿ. ಆಮೇಲೆ ಟಿವಿಯಲ್ಲಿ ಅವರ ಯಾವುದಾದರೂ ಕಾಮಿಡಿ ಸಿಕ್ಕರೆ ನಿಲ್ಲಿಸಿ ನೋಡಿ. ಪುರುಸೊತ್ತಿದ್ದರೆ ಎಂ.ಎಸ್. ಸತ್ಯು ಅವರ ‘ಬರ’ ಹುಡುಕಿ. ಯು.ಆರ್. ಅನಂತಮೂರ್ತಿ ಅವರ ಕಥೆ, ಅನಂತನಾಗ್ ಜಿಲ್ಲಾಧಿಕಾರಿ. ಬಿರಾದಾರ್ ಸಿನಿಮಾಕ್ಕೆ ಬಂದದ್ದು ಅದರಿಂದಲೇ. ಶೂಟಿಂಗ್ ನಮ್ಮ ಬೀದರ್ ಸೀಮೆಯಲ್ಲೇ ಆದದ್ದು. ಪಾತ್ರ ದೊಡ್ಡದಲ್ಲ, ಅನಂತನಾಗ್ ಮೇಲೆ ಕಣ್ಣಿಟ್ಟು ಕೂತರೆ ಇವರು ತಪ್ಪಿಹೋಗುತ್ತಾರೆ.