ಎರಡೇ ದಿನದಲ್ಲಿ ಸಂಸಾರ ಸಮೇತ ಮುಂಬೈ: ಲೋಕಲ್ ರೈಲು ಹಿಡಿದರೆ ಎಂಟು ಸ್ಥಳ ಮುಗಿಯುತ್ತವೆಯೇ?

ನಿಮ್ಮ ಪತ್ರ ಓದಿದೆ: ಡಿಸೆಂಬರ್ ಕೊನೆಯ ಭಾನುವಾರ ಮತ್ತು ಸೋಮವಾರ, ಗಂಡ ಹೆಂಡತಿ, ಎರಡು ಮಕ್ಕಳು, ಮೊಣಕಾಲು ನೋವಿನ ತಾಯಿ, ಎಂಟು ಸ್ಥಳಗಳ ಪಟ್ಟಿ, ಉಪನಗರದಲ್ಲಿ ಅಗ್ಗದ ಕೋಣೆ ಹಿಡಿದು ಲೋಕಲ್ ರೈಲಿನಲ್ಲಿ ಓಡಾಡಿ ಎಲ್ಲವನ್ನೂ ಮುಗಿಸುವ ಲೆಕ್ಕ. ನೀವು ಗದಗಿನವರು ಎಂದು ಬರೆಯದೆ ಹುಬ್ಬಳ್ಳಿಯವರು ಎಂದು ಬರೆದಿದ್ದರೆ, 1998ರಲ್ಲಿ ನಾನೇ ಬರೆದಿಟ್ಟುಕೊಂಡಿದ್ದ ಚೀಟಿ ಯಾರದೋ ಕೈಗೆ ಸಿಕ್ಕಿದೆ ಎಂದುಕೊಳ್ಳುತ್ತಿದ್ದೆ. ಎಂಟು ಸ್ಥಳ ಮುಗಿಯುವುದಿಲ್ಲ. ಏಕೆ ಮುಗಿಯುವುದಿಲ್ಲ ಎಂಬುದಕ್ಕಿಂತ, ಮುಗಿಸಲು ಹೋದ ನನಗೆ ಏನಾಯಿತು ಎಂಬುದನ್ನು ಹೇಳುತ್ತೇನೆ.

ಹಾಗೆ ನೋಡಿದರೆ ನನಗೆ ಸರಿಯಾದ ಪಾಠ ಮನೆಯಲ್ಲೇ ಸಿಕ್ಕಿತ್ತು. ಅಪ್ಪ ನಮ್ಮನ್ನು ಮೊದಲ ಸಲ ಮುಂಬೈಗೆ ಕರೆದೊಯ್ದದ್ದು 1975ರ ಬೇಸಿಗೆಯಲ್ಲಿ. ನನಗಾಗ ಒಂಬತ್ತು ವರ್ಷ. ಹುಬ್ಬಳ್ಳಿಯಿಂದ ಮಿರಜ್‌ವರೆಗೆ ಆಗ ಮೀಟರ್ ಗೇಜ್ ಹಳಿ. ಮಿರಜ್‌ನಲ್ಲಿ ಇಳಿದು, ಟ್ರಂಕನ್ನು ಹಮಾಲನ ತಲೆಗೇರಿಸಿ, ಅವನ ಕೆಂಪು ಅಂಗಿಯ ಮೇಲೆ ಕಣ್ಣಿಟ್ಟು ಓಡಿ ಬ್ರಾಡ್ ಗೇಜ್ ಗಾಡಿಯನ್ನು ಹಿಡಿಯಬೇಕಾಗಿತ್ತು. ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ, ಜೊತೆಗೆ ಮಾಟುಂಗಾದ ಕಾಕಾನ ಮನೆಗೆಂದು ಬೇರೆಯೇ ಕಟ್ಟಿದ ಮಾದಲಿಯ ಡಬ್ಬಿ. ಕಾಕಾ ಪರೇಲ್ ಕಡೆಯ ಬಟ್ಟೆ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರ ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ರಾತ್ರಿ ಹಾಸಿಗೆ ಹಾಸಿದ ಮೇಲೆ ನೀರು ಕುಡಿಯಲು ಏಳುವವರು ಯಾರದಾದರೂ ಕಾಲು ತುಳಿಯದೆ ಹೋಗುವಂತಿರಲಿಲ್ಲ.

ಅಪ್ಪನದು ದಿನಕ್ಕೆ ಒಂದೇ ಸ್ಥಳದ ಲೆಕ್ಕ. ಒಂದು ದಿನ ಮಲಬಾರ್ ಹಿಲ್‌ನ ಹ್ಯಾಂಗಿಂಗ್ ಗಾರ್ಡನ್, ಅಂದರೆ ಅದರ ಎದುರಿನ ಕಮಲಾ ನೆಹರೂ ಪಾರ್ಕಿನ ಬೂಟಿನ ಆಕಾರದ ಮನೆಯೂ ಸೇರಿ. ನಾವು ಓಡಾಡುತ್ತಿದ್ದ ಹುಲ್ಲಿನ ಕೆಳಗೆ ಊರಿಗೆ ನೀರು ಕೊಡುವ ದೊಡ್ಡ ಜಲಾಶಯವಿದೆ ಎಂದು ಅಪ್ಪ ಹೇಳಿದಾಗ ನಾನು ನೆಲಕ್ಕೆ ಕಿವಿ ಹಚ್ಚಿ ಮಲಗಿದ್ದು ನೆನಪಿದೆ, ಏನೂ ಕೇಳಿಸಲಿಲ್ಲ. ಇನ್ನೊಂದು ದಿನ ಮರೀನ್ ಡ್ರೈವ್‌ನ ತಾರಾಪೋರ್‌ವಾಲಾ ಮತ್ಸ್ಯಾಲಯ, ಮತ್ತೊಂದು ದಿನ ಡಬಲ್ ಡೆಕ್ಕರ್ ಬಸ್ಸಿನ ಮೇಲಂತಸ್ತಿನ ಮುಂದಿನ ಸೀಟಿನಲ್ಲಿ ಕೂತು ಕೊನೆಯ ನಿಲ್ದಾಣಕ್ಕೆ ಹೋಗಿ ಅದೇ ಬಸ್ಸಿನಲ್ಲಿ ಹಿಂದಿರುಗಿದ್ದು. ನಾವು ಇನ್ನೂ ಏನಾದರೂ ತೋರಿಸೆಂದು ಪೀಡಿಸಿದರೆ ಅಪ್ಪ, "ಇವತ್ತಿಗೆ ಇಷ್ಟ ಸಾಕು, ಮುಂಬೈ ಎಲ್ಲೂ ಓಡಿ ಹೋಗಂಗಿಲ್ಲ" ಎನ್ನುತ್ತಿದ್ದರು. ನಾಲ್ಕು ಸಲ ಹೀಗೆ ಹೋಗಿ ಬಂದೆವು. 1982ರ ಜನವರಿಯಲ್ಲಿ ಗಿರಣಿಗಳ ಮುಷ್ಕರ ಆರಂಭವಾಯಿತು. ಕಾಕಾನ ಗಿರಣಿ ಮತ್ತೆ ತೆರೆಯಲಿಲ್ಲ; ಆ ಮನೆಗೆ ಐದು ಜನ ಅತಿಥಿಗಳಾಗಿ ಹೋಗುವುದು ಸರಿಯಲ್ಲವೆಂದು ಅಪ್ಪನೇ ನಿಲ್ಲಿಸಿದರು.

1998ರಲ್ಲಿ ನನ್ನ ಹೆಂಡತಿ, ಏಳು ವರ್ಷದ ಮಗಳು, ಐದು ವರ್ಷದ ಮಗ ಮತ್ತು ಅವ್ವನನ್ನು ಕರೆದುಕೊಂಡು ಹೊರಟಾಗ ಅಪ್ಪ ಇರಲಿಲ್ಲ. ಕಾಕಾನ ಮಗ ಅದೇ ಮಾಟುಂಗಾದಲ್ಲಿದ್ದ. ಭಾನುವಾರ ಡಿಸೆಂಬರ್ 27ರಂದು ನಾಲ್ಕು ಸ್ಥಳ, ಸೋಮವಾರ ನಾಲ್ಕು ಸ್ಥಳ, ಸೋಮವಾರ ರಾತ್ರಿ ಏಳೂವರೆಗೆ ಸಾಯನ್‌ನಿಂದ ಹುಬ್ಬಳ್ಳಿಗೆ ಖಾಸಗಿ ಬಸ್ಸು. ಭಾನುವಾರ ಹೇಗೋ ಓಡಿ ಮುಗಿಸಿದೆವು. ಆ ದಿನದ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಏಕೆಂದರೆ ನಮಗ್ಯಾರಿಗೂ ಅದು ನೆನಪಿಲ್ಲ. ಸೋಮವಾರ ಬೆಳಿಗ್ಗೆ ದೋಣಿ ಹೊರಡುವ ಗೇಟ್‌ವೇ ಆಫ್ ಇಂಡಿಯಾ ತಲುಪಿದ ಮೇಲೆ ಎಲಿಫೆಂಟಾ ಗುಹೆಗಳಿಗೆ ಸೋಮವಾರವೇ ರಜೆ ಎಂಬುದು ಗೊತ್ತಾಯಿತು. ನಿಮ್ಮ ಪಟ್ಟಿಯಲ್ಲೂ ಸೋಮವಾರಕ್ಕೆ ಎಲಿಫೆಂಟಾ ಇದೆ, ಮೊದಲು ಅದನ್ನು ಹೊಡೆದು ಹಾಕಿ. ಆದರೆ ನನ್ನ ತಪ್ಪು ಇದಲ್ಲ. ಇದು ವಿಚಾರಿಸದೆ ಹೋದವರೆಲ್ಲ ಮಾಡುವ ಸಾಮಾನ್ಯ ತಪ್ಪು.

ನನ್ನ ತಪ್ಪು ಸಂಜೆ ಐದೂ ಮುಕ್ಕಾಲಿಗೆ, ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ಆಯಿತು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಇದನ್ನು ನನಗೆ ನಾನೇ ವಿವರಿಸಿಕೊಳ್ಳುತ್ತಿದ್ದೇನೆ. ಅಲ್ಲಿಂದ ಕಲ್ಯಾಣದ ದಿಕ್ಕಿಗೆ ಹೋಗುವ ಲೋಕಲ್‌ಗಳಲ್ಲಿ ಎರಡು ಬಗೆ. ಸ್ಲೋ ಗಾಡಿ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುತ್ತದೆ. ಫಾಸ್ಟ್ ಗಾಡಿ ಬೈಕಲಾ, ದಾದರ್, ಕುರ್ಲಾ, ಘಾಟ್‌ಕೋಪರ್ ಹೀಗೆ ಆಯ್ದ ಕಡೆ ಮಾತ್ರ ನಿಲ್ಲುತ್ತದೆ. ದಾದರ್‌ನ ಮುಂದಿನ ನಿಲ್ದಾಣವೇ ಆದರೂ ಮಾಟುಂಗಾದಲ್ಲಿ ಫಾಸ್ಟ್ ಗಾಡಿ ನಿಲ್ಲುವುದಿಲ್ಲ. ಇದು ನನಗೆ ಚಿಕ್ಕಂದಿನಿಂದಲೂ ಗೊತ್ತಿತ್ತು. ಗೊತ್ತಿದ್ದರಿಂದಲೇ ಬೆಳಿಗ್ಗೆ ಹೆಂಡತಿಗೆ ಬಹಳ ಸ್ಪಷ್ಟವಾಗಿ, "ನೀವು ಮೂವರು ಹೆಂಗಸರ ಡಬ್ಬಿ ಹತ್ತಿರಿ, ದಾದರ್ ಬಂದ ಕೂಡಲೇ ಎದ್ದು ಬಾಗಿಲಿಗೆ ಬನ್ನಿ, ಅದರ ಮುಂದಿನ ಸ್ಟೇಷನ್‌ದಾಗ ಇಳೀರಿ" ಎಂದು ಹೇಳಿದ್ದೆ. ಸ್ಲೋ ಗಾಡಿಯ ಮಟ್ಟಿಗೆ ಈ ಮಾತಿನಲ್ಲಿ ಒಂದಕ್ಷರವೂ ತಪ್ಪಿಲ್ಲ.

ಸಂಜೆ ಸ್ಲೋ ಗಾಡಿಗೆ ಇನ್ನೂ ಏಳೆಂಟು ನಿಮಿಷವಿತ್ತು. ಪಕ್ಕದ ಪ್ಲಾಟ್‌ಫಾರ್ಮಿನಲ್ಲಿ ಫಾಸ್ಟ್ ಗಾಡಿಯೊಂದು ಹೊರಡುವ ಸ್ಥಿತಿಯಲ್ಲಿತ್ತು. ಎಲಿಫೆಂಟಾದ ಗೊಂದಲದಲ್ಲಿ ಬೆಳಿಗ್ಗೆ ಹಾಳಾದ ಎರಡು ತಾಸನ್ನು ಎಲ್ಲಾದರೂ ಹಿಂದೆ ಪಡೆಯಬೇಕೆಂಬ ಹಟ ನನಗೆ. ಫಾಸ್ಟ್ ಹಿಡಿದು ದಾದರ್‌ನಲ್ಲಿ ಇಳಿದು, ಅಲ್ಲಿಂದ ಟ್ಯಾಕ್ಸಿಯಲ್ಲಿ ಮನೆಗೆ ಹೋದರೆ ಹತ್ತು ನಿಮಿಷ ಉಳಿಯುತ್ತದೆ ಎಂದು ತಲೆಯಲ್ಲೇ ಲೆಕ್ಕ ಹಾಕಿದೆ. ಆ ಲೆಕ್ಕವೂ ತಪ್ಪಲ್ಲ. ತಪ್ಪಿದ್ದು ಇಷ್ಟೇ: ನಾನು ರೈಲನ್ನು ಬದಲಿಸಿದೆ, ಬೆಳಿಗ್ಗೆ ಹೇಳಿದ ಮಾತನ್ನು ಬದಲಿಸಲಿಲ್ಲ. "ಇದ ಗಾಡಿ ಏನ್ರೀ?" ಎಂದು ಹೆಂಡತಿ ಓಡುತ್ತಲೇ ಕೇಳಿದಳು. "ಹ್ಞೂಂ, ಹತ್ತು, ಹತ್ತು" ಎಂದೆ. ಆ ಎರಡು "ಹತ್ತು"ಗಳ ಜಾಗದಲ್ಲಿ "ದಾದರ್‌ದಾಗ ಇಳಿ" ಎಂದಿದ್ದರೆ ಸಾಕಾಗಿತ್ತು. ಮಗನನ್ನು ಎತ್ತಿಕೊಂಡು ನಾನು ಗಂಡಸರ ಡಬ್ಬಿಗೆ ನುಗ್ಗಿದೆ. ಐವರ ರೈಲ್ವೆ ಟಿಕೆಟ್, ಬಸ್ಸಿನ ಟಿಕೆಟ್, ಕಾಕಾನ ಮಗನ ಮನೆಯ ಫೋನ್ ನಂಬರ್ ಬರೆದ ಡೈರಿ ಎಲ್ಲವೂ ನನ್ನ ಅಂಗಿಯ ಕಿಸೆಯಲ್ಲಿದ್ದವು. ಇದನ್ನು ಎರಡನೆಯ ತಪ್ಪೆಂದು ಎಣಿಸಬೇಕೋ, ಮೊದಲನೆಯದರ ಬಾಲವೆಂದು ಎಣಿಸಬೇಕೋ ಇನ್ನೂ ತೀರ್ಮಾನಿಸಿಲ್ಲ.

ದಾದರ್‌ನಲ್ಲಿ ನಾನು ಇಳಿಯಲಿಲ್ಲ, ಹಿಂದಿನವರೇ ಇಳಿಸಿದರು. ಮಗನನ್ನು ಹೆಗಲಿಗೇರಿಸಿ ಹೆಂಗಸರ ಡಬ್ಬಿಯ ಕಡೆಗೆ ಓಡುವಷ್ಟರಲ್ಲಿ ಗಾಡಿ ಹೊರಟಿತ್ತು. ಮುಂದೆ ಸಾಗಿದ ಡಬ್ಬಿಯ ಕಿಟಕಿಯಲ್ಲಿ ಅವ್ವನ ಹಸಿರು ಇಳಕಲ್ ಸೀರೆಯ ಕೆಂಪು ಸೆರಗು, ಅದರ ಪಕ್ಕದಲ್ಲಿ ಮಗಳ ಮುಖ ಕಂಡವು. ಅಪ್ಪ ಒಂದು ಸ್ಟೇಷನ್ ಮೊದಲೇ ತಪ್ಪಿ ಇಳಿದಿದ್ದಾನೆಂದು ತಿಳಿದು ಅವಳು ನನ್ನತ್ತ ಕೈ ಬೀಸಿ, ಮುಂದೆ, ಮುಂದೆ ಎಂದು ಸನ್ನೆ ಮಾಡುತ್ತಿದ್ದಳು.

ಮುಂದಿನದನ್ನು ಹೆಂಡತಿ ಹೇಳಿ ತಿಳಿದದ್ದು. ಬಾಗಿಲಲ್ಲಿ ನಿಂತ ಅವಳ ಕಣ್ಣೆದುರೇ ಮಾಟುಂಗಾದ ಹಳದಿ ಫಲಕಗಳು ಒಂದಾದ ಮೇಲೊಂದು ಹಿಂದೆ ಸರಿದವು. ಕುರ್ಲಾದಲ್ಲಿ ಹತ್ತುವವರ ನೂಕಿಗೆ ಇಳಿಯಲಾಗಲಿಲ್ಲ. ಕೆಳಗೆ ಕೂತು ಮಡಿಲಲ್ಲಿ ಬಟಾಣಿ ಸುಲಿಯುತ್ತಿದ್ದ ಹೆಂಗಸೊಬ್ಬರು ಇವರ ಕನ್ನಡ ಕೇಳಿ ತಲೆಯೆತ್ತಿದರು, ಉಡುಪಿ ಕಡೆಯವರು. ಬಟಾಣಿಯ ಚೀಲವನ್ನು ಮುಚ್ಚಿ ಎದ್ದು, ಮೂವರನ್ನೂ ಘಾಟ್‌ಕೋಪರ್‌ನಲ್ಲಿ ತಾವೇ ಇಳಿಸಿಕೊಂಡು, ಮೇಲ್ಸೇತುವೆ ಹತ್ತಿಸಿ ಆ ಕಡೆಯ ಸ್ಲೋ ಗಾಡಿಗೆ ಕೂಡಿಸಿ, ಎಷ್ಟನೆಯ ನಿಲ್ದಾಣದಲ್ಲಿ ಇಳಿಯಬೇಕೆಂದು ಮಗಳ ಕೈಬೆರಳುಗಳ ಮೇಲೆ ಎಣಿಸಿ ತೋರಿಸಿದರಂತೆ: ವಿದ್ಯಾವಿಹಾರ್, ಕುರ್ಲಾ, ಸಾಯನ್, ಮಾಟುಂಗಾ. ಇಳಿಯುವ ನೂಕಾಟದಲ್ಲಿ ಅವ್ವನ ಒಂದು ಕಾಲಿನ ಚಪ್ಪಲಿ ಗಾಡಿಯಲ್ಲೇ ಉಳಿಯಿತು. ಅವರು ಒಂದೇ ಚಪ್ಪಲಿಯಲ್ಲಿ ಸೇತುವೆ ಹತ್ತಿ ಇಳಿದರು.

ನಾನು ದಾದರ್‌ನಲ್ಲೇ ನಿಂತಿದ್ದರೆ, ಅಥವಾ ನೇರವಾಗಿ ಮನೆಗೆ ಹೋಗಿದ್ದರೆ, ಎಂಟು ಗಂಟೆಯೊಳಗೆ ಎಲ್ಲರೂ ಒಂದಾಗುತ್ತಿದ್ದೆವು. ನಾನು ಹುಡುಕಲು ಹೋದೆ. ಕುರ್ಲಾಕ್ಕೆ ಹೋದೆ, ಅಲ್ಲಿಂದ ಮತ್ತೆ ದಾದರ್‌ಗೆ ಬಂದೆ, ಧ್ವನಿವರ್ಧಕದಲ್ಲಿ ಹೆಸರು ಕೂಗಿಸಿದೆ, ಮತ್ತೆ ಕುರ್ಲಾಕ್ಕೆ ಹೋದೆ. ನಾನು ಅತ್ತ ಹೋಗುವ ಗಾಡಿಯಲ್ಲಿದ್ದಾಗ ಅವರು ಇತ್ತ ಬರುವ ಗಾಡಿಯಲ್ಲಿದ್ದರು. ಮನೆ ಸೇರಿದಾಗ ಒಂಬತ್ತಾಗಿತ್ತು. ಅವ್ವ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದರು. ಬಸ್ಸು ಏಳೂವರೆಗೇ ಹೋಗಿತ್ತು, ಐದು ಸೀಟಿನ ದುಡ್ಡು ಹೋಯಿತು. ದುಡ್ಡಿನದು ದೊಡ್ಡ ಮಾತಲ್ಲ. ಅವ್ವ ಆಮೇಲೆ ಹನ್ನೊಂದು ವರ್ಷ ಬದುಕಿದ್ದರು, ಬೆಂಗಳೂರಿಗೂ ಬರಲಿಲ್ಲ. ಎಲ್ಲಿಗೆ ಕರೆದರೂ, "ಮೊದಲ ನನ್ನ ಚಪ್ಪಲಿ ಸಿಕ್ಕತೇನು ನೋಡು" ಎಂದು ನಕ್ಕುಬಿಡುತ್ತಿದ್ದರು. ಆ ಸೋಮವಾರ ಗೇಟ್‌ವೇ ಎದುರಿನ ಸಮುದ್ರದ ಕಟ್ಟೆಯ ಮೇಲೆ ಇನ್ನೊಂದಿಷ್ಟು ಹೊತ್ತು ಕೂಡೋಣ ಎಂದಿದ್ದರು. ಪಟ್ಟಿಯಲ್ಲಿ ಇನ್ನೂ ಎರಡು ಸ್ಥಳ ಉಳಿದಿವೆ ಎಂದು ಎಬ್ಬಿಸಿಕೊಂಡು ಹೋದವನು ನಾನೇ.

ಈಗ ಕಿಸೆಯಲ್ಲಿ ಮೊಬೈಲ್ ಇದೆ ಎನ್ನುತ್ತೀರಿ. ಸಂಜೆ ಆರರ ಲೋಕಲ್‌ನಲ್ಲಿ ಕಿಸೆಯವರೆಗೆ ಕೈ ಹೋದರೆ ತಾನೇ ಮೊಬೈಲು.

ಹಾಗಾಗಿ ನನ್ನ ಅಭಿಪ್ರಾಯ ಇದು. ಉಪನಗರದಲ್ಲಿ ಅಗ್ಗದ ಕೋಣೆ ಹಿಡಿದು ರೈಲಿನಲ್ಲಿ ಓಡಾಡುವ ಯೋಜನೆಯನ್ನೇ ಬಿಡಿ. ಬಾಡಿಗೆ ಹೆಚ್ಚಾದರೂ ಫೋರ್ಟ್ ಅಥವಾ ಕೊಲಾಬಾ ಕಡೆಗೆ ಉಳಿದು, ಎರಡೂ ದಿನ ಅಲ್ಲಿಂದ ಹೊರಗೆ ಹೋಗಬೇಡಿ. 1888ರಲ್ಲಿ ಪೂರ್ಣಗೊಂಡ ಆ ಶಿವಾಜಿ ಟರ್ಮಿನಸ್ ಕಟ್ಟಡ, 1924ರ ಗೇಟ್‌ವೇ, ಅದರ ಹತ್ತಿರದ ವಸ್ತುಸಂಗ್ರಹಾಲಯ, ಓವಲ್ ಮೈದಾನದ ಒಂದು ಬದಿಗೆ ಗೋಥಿಕ್ ಗೋಪುರಗಳು, ಇನ್ನೊಂದು ಬದಿಗೆ ಆರ್ಟ್ ಡೆಕೋ ಮನೆಗಳು, ಸಂಜೆಗೆ ಮರೀನ್ ಡ್ರೈವ್. ಇಷ್ಟೂ ಟ್ಯಾಕ್ಸಿಯಲ್ಲಿ ಹತ್ತು ಹದಿನೈದು ನಿಮಿಷದ ಅಂತರದಲ್ಲಿವೆ. ಹಳೆಯ ಡೀಸೆಲ್ ಡಬಲ್ ಡೆಕ್ಕರ್‌ಗಳು 2023ರಲ್ಲಿ ಹೋದವು. ಅವುಗಳ ಬದಲು ಬಂದ ಎಸಿ ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಮಕ್ಕಳನ್ನು ಮೇಲೆ ಕೂಡಿಸಿ, ನೀವು ತಾಯಿಯ ಜೊತೆ ಕೆಳಗೆ ಕೂತುಕೊಳ್ಳಿ. ಎಲಿಫೆಂಟಾವನ್ನು ಭಾನುವಾರಕ್ಕೆ ಸರಿಸಬಹುದಲ್ಲ ಎಂದು ಕೇಳಬೇಡಿ. ಹೋಗಲು ಒಂದು ತಾಸು, ಬರಲು ಒಂದು ತಾಸು ದೋಣಿ, ಮೇಲೆ ನೂರಕ್ಕೂ ಹೆಚ್ಚು ಮೆಟ್ಟಿಲು. ಮೊಣಕಾಲು ನೋಯುವವರಿಗೆ ಅದು ಪ್ರವಾಸವಲ್ಲ. ಗದಗಿನವರಿಗೆ ಬಾದಾಮಿ ಎಷ್ಟು ದೂರ? ಗುಹೆಯನ್ನು ಅಲ್ಲೇ ನೋಡಿ.

ಲೋಕಲ್ ಹತ್ತಲೇಬೇಕೆಂದು ಮಕ್ಕಳು ಹಟ ಮಾಡಿದರೆ ಭಾನುವಾರ ಬೆಳಿಗ್ಗೆ ಎಲ್ಲರೂ ಒಂದೇ ಡಬ್ಬಿಯಲ್ಲಿ, ಸ್ಲೋ ಗಾಡಿಯಲ್ಲಿ ಮಾಟುಂಗಾಕ್ಕೆ ಹೋಗಿ ಬನ್ನಿ. ಆ ದಿನ ಮೆಗಾ ಬ್ಲಾಕ್, ಅಂದರೆ ಹಳಿ ದುರಸ್ತಿಗೆಂದು ಗಾಡಿಗಳನ್ನು ತಡೆಯುವುದು, ಇದೆಯೇ ಎಂದು ಮಾತ್ರ ಮೊದಲೇ ವಿಚಾರಿಸಿ. ಅಲ್ಲಿ ಇಡ್ಲಿ, ಫಿಲ್ಟರ್ ಕಾಫಿ, ಮಲ್ಲಿಗೆ ದಂಡೆ, ಬಾಳೆ ಎಲೆ ಎಲ್ಲವೂ ಸಿಗುತ್ತವೆ. ಟಿಕೆಟ್‌ಗಳನ್ನು ಇಬ್ಬರ ಕೈಗೂ ಹಂಚಿ. ತಪ್ಪಿಸಿಕೊಂಡರೆ ಯಾರು ನಿಲ್ಲುವವರು, ಯಾರು ಹುಡುಕುವವರು ಎಂಬುದನ್ನು ಕೋಣೆಯಿಂದ ಹೊರಡುವ ಮೊದಲೇ ಮಾತಾಡಿಕೊಳ್ಳಿ.

ಜುಹೂ ಬೀಚಿಗೆ ಎಷ್ಟು ಹೊತ್ತು ಇಟ್ಟುಕೊಳ್ಳಬೇಕೆಂದೂ ಕೇಳಿದ್ದೀರಿ. ಐದು ಸಲ ಮುಂಬೈಗೆ ಹೋಗಿದ್ದೇನೆ, ಜುಹೂ ನಾನು ಇನ್ನೂ ನೋಡಿಲ್ಲ.