ಒಂದು ಫೋಲ್ಡರಿನಲ್ಲಿರುವ ನೂರಾರು ಸಿಎಸ್‌ವಿ ಫೈಲುಗಳನ್ನು ಸಣ್ಣ ಪ್ರೋಗ್ರಾಮಿನಿಂದ ಒಂದೇ ಪಟ್ಟಿಗೆ ತರುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ನಿಮ್ಮ ಊರಿನ ಹಾಲು ಉತ್ಪಾದಕರ ಸಹಕಾರ ಸಂಘದ ಕಂಪ್ಯೂಟರು ದಿನಕ್ಕೆ ಎರಡು ಸಿಎಸ್‌ವಿ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯ) ಫೈಲುಗಳನ್ನು, ಬೆಳಿಗ್ಗೆಯದೊಂದು ಸಂಜೆಯದೊಂದು, ಉಳಿಸುತ್ತದೆ. ಪ್ರತಿ ಫೈಲಿನಲ್ಲಿ ಸದಸ್ಯರ ಸಂಖ್ಯೆ, ಹೆಸರು, ಲೀಟರು, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ), ದರ, ಮೊತ್ತ ಎಂಬ ಕಾಲಂಗಳಿದ್ದು, ಕೊನೆಯಲ್ಲಿ ‘ಒಟ್ಟು’ ಎಂಬ ಒಂದು ಸಾಲು ಕೆಲವು ಫೈಲುಗಳಲ್ಲಿ ಇದೆ, ಕೆಲವುಗಳಲ್ಲಿ ಇಲ್ಲ. 2024ರ ಇಡೀ ವರ್ಷದ ಫೈಲುಗಳನ್ನು ಒಂದೊಂದಾಗಿ ತೆರೆದು ಕಾಪಿ-ಪೇಸ್ಟ್ ಮಾಡುವ ಬದಲು ಪೈಥಾನಿನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದು ಮುಗಿಸಬಹುದೇ ಎಂದು ಕೇಳಿದ್ದೀರಿ.

ಖಂಡಿತ ಮುಗಿಸಬಹುದು. ಟೇಬಲ್ ರೂಪದ ಮಾಹಿತಿಯನ್ನು ನಿಭಾಯಿಸುವ ಪಾಂಡಾಸ್ ಎಂಬ ಪೈಥಾನ್ ಲೈಬ್ರರಿ ಇದ್ದರೆ ಹತ್ತು ಸಾಲುಗಳೂ ಬೇಕಾಗುವುದಿಲ್ಲ. ಆದರೆ ಫೈಲುಗಳನ್ನು ಸೇರಿಸುವುದು ಈ ಕೆಲಸದ ಸುಲಭವಾದ ಭಾಗ. ಸೇರಿಸಿದ ಮೇಲೆ ಯಾವ ಸಾಲು ಯಾವ ಫೈಲಿನಿಂದ ಬಂದದ್ದು ಎಂದು ತೋರಿಸಲಾಗದಿದ್ದರೆ ಆ ಪಟ್ಟಿ ಲೆಕ್ಕಕ್ಕೆ ಬರುವುದಿಲ್ಲ. ಅದರಲ್ಲೂ ನಿಮ್ಮ ಫೈಲುಗಳ ಒಳಗೆ ದಿನಾಂಕದ ಕಾಲಮ್ಮೇ ಇಲ್ಲ. ದಿನಾಂಕವೂ ಹೊತ್ತೂ ‘05-03-2024_ಸಂಜೆ’ ಎಂಬಂತೆ ಫೈಲಿನ ಹೆಸರಿನಲ್ಲಿ ಮಾತ್ರ ಇವೆ. ಆದ್ದರಿಂದ ಹೆಸರನ್ನು ಸಾಲಿನ ಜೊತೆಗೇ ಕರೆತರುವುದು ಈ ಪ್ರೋಗ್ರಾಮಿನ ಮುಖ್ಯ ಕೆಲಸ.

ಪ್ರೋಗ್ರಾಮಿನ ಪ್ರತಿ ಹೆಜ್ಜೆಯನ್ನೂ ವಾಕ್ಯಗಳಲ್ಲಿ ವಿವರಿಸುತ್ತೇನೆ. ಮೊದಲು ಫೈಲು-ಫೋಲ್ಡರುಗಳ ವಿಳಾಸ ನೋಡಿಕೊಳ್ಳುವ ಪಾಥ್‌ಲಿಬ್‌ನಿಂದ ಪಾಥ್ ಅನ್ನು ಇಂಪೋರ್ಟ್ ಮಾಡಿ, ಅದಕ್ಕೆ ನಿಮ್ಮ ಫೋಲ್ಡರಿನ ವಿಳಾಸವನ್ನು ಕೊಡಿ. ಪಾಥ್‌ಲಿಬ್ ಪೈಥಾನ್ 3.4ರಿಂದ ಭಾಷೆಯ ಜೊತೆಗೇ ಬರುತ್ತಿರುವುದರಿಂದ ಬೇರೆಯಾಗಿ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ವಿಂಡೋಸಿನಲ್ಲಿ ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನೊಳಗಿನ ವಿಳಾಸವನ್ನು ಇದ್ದ ಹಾಗೆಯೇ ಅಂಟಿಸಿದರೆ ಯೂನಿಕೋಡ್ ಎಸ್ಕೇಪ್ ಎಂಬ ಎರರ್ ಬಂದು ಪ್ರೋಗ್ರಾಂ ಶುರುವಾಗುವುದೇ ಇಲ್ಲ. ಹಿಮ್ಮುಖ ಗೆರೆಯ (ಬ್ಯಾಕ್‌ಸ್ಲ್ಯಾಷ್) ನಂತರ ಬರುವ ದೊಡ್ಡ ಯು ಅಕ್ಷರವನ್ನು ಪೈಥಾನ್ ಬೇರೆ ರೀತಿ ಓದುವುದೇ ಇದಕ್ಕೆ ಕಾರಣವಾದ್ದರಿಂದ, ವಿಳಾಸ ಶುರುವಾಗುವ ಉದ್ಧರಣ ಚಿಹ್ನೆಗೆ ಮೊದಲು ಸಣ್ಣ ಆರ್ ಅಕ್ಷರವನ್ನು ಹಾಕಿದರೆ ಸಾಕು. ಅನಂತರ ಗ್ಲಾಬ್ ಎಂಬ ಮೆಥಡ್‌ಗೆ ನಕ್ಷತ್ರ ಚಿಹ್ನೆ, ಚುಕ್ಕಿ, ಸಿಎಸ್‌ವಿ ಎಂಬ ಮಾದರಿಯನ್ನು ಕೊಟ್ಟರೆ ಆ ಫೋಲ್ಡರಿನ ಎಲ್ಲ ಸಿಎಸ್‌ವಿ ಫೈಲುಗಳೂ ಸಿಗುತ್ತವೆ. ಅವು ಯಾವ ಕ್ರಮದಲ್ಲಿ ಬರುತ್ತವೆ ಎಂಬುದಕ್ಕೆ ಖಾತರಿಯಿಲ್ಲ. ಹೆಸರಿನ ಕ್ರಮಕ್ಕೆ ಜೋಡಿಸುವ ಸಾರ್ಟೆಡ್ ಬಳಸಿದರೂ ನಿಮ್ಮ ಹೆಸರುಗಳಲ್ಲಿ ದಿನವೇ ಮೊದಲಿರುವುದರಿಂದ ಜನವರಿ 1ರ ಬೆನ್ನಿಗೇ ಫೆಬ್ರವರಿ 1 ಬಂದು ಕೂರುತ್ತದೆ. ಕ್ರಮದ ಚಿಂತೆಯನ್ನು ಇಲ್ಲಿ ಬಿಟ್ಟು, ದಿನಾಂಕದ ಕಾಲಂ ಸಿದ್ಧವಾದ ಮೇಲೆ ಅದರ ಪ್ರಕಾರ ಜೋಡಿಸಿಕೊಳ್ಳಿ.

ಮುಂದಿನದು ಲೂಪ್, ಅಂದರೆ ಒಂದೇ ಕೆಲಸವನ್ನು ಪ್ರತಿ ಫೈಲಿಗೂ ಮತ್ತೆ ಮತ್ತೆ ಮಾಡಿಸುವುದು. ಒಂದು ಖಾಲಿ ಲಿಸ್ಟ್ ಇಟ್ಟುಕೊಂಡು, ಪ್ರತಿ ಫೈಲನ್ನೂ ಪಾಂಡಾಸಿನ ರೀಡ್ ಸಿಎಸ್‌ವಿಯಿಂದ ಓದಿ, ‘ಮೂಲ’ ಎಂಬ ಹೊಸ ಕಾಲಮ್ಮಿನಲ್ಲಿ ಆ ಫೈಲಿನ ಹೆಸರನ್ನು (ಪಾಥ್‌ನ ಸ್ಟೆಮ್ ಕೊಡುವಂಥದ್ದು, ಅಂದರೆ ಸಿಎಸ್‌ವಿ ಎಂಬ ಬಾಲವಿಲ್ಲದ್ದು) ತುಂಬಿ, ಅದನ್ನು ಲಿಸ್ಟಿಗೆ ಸೇರಿಸಿ. ಲೂಪ್ ಮುಗಿದ ಮೇಲೆ, ಲೂಪಿನ ಹೊರಗೆ, ಟೇಬಲ್ಲುಗಳನ್ನು ಒಂದಾಗಿ ಜೋಡಿಸುವ ಕಾನ್‌ಕ್ಯಾಟ್ ಅನ್ನು ಒಂದೇ ಒಂದು ಸಲ ಕರೆಯಿರಿ. ಇಗ್ನೋರ್ ಇಂಡೆಕ್ಸ್ ಅನ್ನು ಟ್ರೂ ಎಂದು ಕೊಟ್ಟರೆ ಸಾಲುಗಳ ಸಂಖ್ಯೆ ಮೊದಲಿನಿಂದ ಕೊನೆಯವರೆಗೆ ಹೊಸದಾಗಿ ಬರುತ್ತದೆ. ಲೂಪಿನ ಒಳಗೇ ಒಂದೊಂದನ್ನೂ ದೊಡ್ಡ ಟೇಬಲ್ಲಿಗೆ ಅಂಟಿಸುತ್ತ ಹೋದರೆ ಪ್ರತಿ ಸಲವೂ ಅಲ್ಲಿಯವರೆಗಿನ ಇಡೀ ಟೇಬಲ್ಲಿನ ನಕಲು ತಯಾರಾಗಬೇಕಾಗುವುದರಿಂದ ವೇಗ ಕುಸಿಯುತ್ತದೆ. ಹಳೆಯ ಉದಾಹರಣೆಗಳಲ್ಲಿ ಕಾಣುವ ಡೇಟಾಫ್ರೇಮಿನ (ಪಾಂಡಾಸಿನ ಟೇಬಲ್ಲಿನ) ಅಪೆಂಡ್ ಅನ್ನಂತೂ 2023ರಲ್ಲಿ ಬಂದ ಪಾಂಡಾಸ್ 2.0ರಲ್ಲಿ ತೆಗೆದೇ ಹಾಕಿದ್ದಾರೆ.

ಈಗ ಎಡವುವ ಜಾಗಕ್ಕೆ ಬರೋಣ. ರೀಡ್ ಸಿಎಸ್‌ವಿಗೆ ಏನೂ ಹೇಳದಿದ್ದರೆ ಅದು ಪ್ರತಿ ಫೈಲಿನ ಪ್ರತಿ ಕಾಲಮ್ಮಿನ ಸ್ವರೂಪವನ್ನೂ ತಾನೇ ಊಹಿಸುತ್ತದೆ. ನಿಮ್ಮಲ್ಲಿ 012 ಎಂಬ ಸಂಖ್ಯೆಯ ಸದಸ್ಯರಿದ್ದಾರೆ ಎಂದುಕೊಳ್ಳಿ. ‘ಒಟ್ಟು’ ಸಾಲಿಲ್ಲದ ಫೈಲಿನಲ್ಲಿ ಆ ಕಾಲಂ ಪೂರ್ತಿ ಅಂಕಿಗಳೇ ಆಗಿರುವುದರಿಂದ 012 ಎಂಬುದು 12 ಆಗುತ್ತದೆ. ‘ಒಟ್ಟು’ ಇರುವ ಫೈಲಿನಲ್ಲಿ ಆ ಒಂದು ಪದದ ದೆಸೆಯಿಂದ ಇಡೀ ಕಾಲಂ ಪಠ್ಯವಾಗಿ, 012 ಹಾಗೆಯೇ ಉಳಿಯುತ್ತದೆ. ಎರಡನ್ನೂ ಸೇರಿಸಿ ಸದಸ್ಯವಾರು ಲೀಟರು ಕೂಡಿದಾಗ ಒಬ್ಬರೇ ಸದಸ್ಯರು ಇಬ್ಬರಾಗಿ ಕಾಣಿಸುತ್ತಾರೆ, ಹಾಲೂ ಇಬ್ಬರ ನಡುವೆ ಹಂಚಿಹೋಗುತ್ತದೆ. ಎಲ್ಲಿಯೂ ಎರರ್ ಬರುವುದಿಲ್ಲ. ಹೀಗಾಗಿ ಓದುವಾಗ ಡಿಟೈಪ್ ಅನ್ನು ಎಸ್‌ಟಿಆರ್ ಎಂದು ಕೊಟ್ಟು, ಎಲ್ಲವನ್ನೂ ಪಠ್ಯವಾಗಿಯೇ ಒಳಗೆ ತನ್ನಿ. ಯಾವುದು ಅಂಕಿ, ಯಾವುದು ದಿನಾಂಕ ಎಂಬ ತೀರ್ಮಾನವನ್ನು ಎಲ್ಲ ಸೇರಿದ ಮೇಲೆ ನೀವು ಮಾಡಿ.

‘ಒಟ್ಟು’ ಸಾಲನ್ನು ತಕ್ಷಣ ಅಳಿಸಿಬಿಡಬೇಡಿ ಎಂಬುದು ನನ್ನ ಸಲಹೆ. ಅದನ್ನು ಉಳಿಸಿಕೊಂಡೇ ಕೂಡಿದರೆ ವರ್ಷದ ಹಾಲು ಎರಡು ಪಟ್ಟಿನ ಹತ್ತಿರ ಹೋಗಬಹುದು ಎಂಬುದು ನಿಜ, ಆದರೆ ಪುಕ್ಕಟೆಯಾಗಿ ಸಿಕ್ಕ ಲೆಕ್ಕಪರಿಶೋಧಕರೂ ಅದೇ. ಲೀಟರಿನ ಕಾಲಮ್ಮನ್ನು ಟು ನ್ಯೂಮರಿಕ್ ಮೂಲಕ ಅಂಕಿಯಾಗಿಸಿ, ‘ಒಟ್ಟು’ ಸಾಲುಗಳನ್ನು ಬೇರೆ ಟೇಬಲ್ಲಿಗೆ ತೆಗೆದಿಟ್ಟು, ಉಳಿದವನ್ನು ‘ಮೂಲ’ದ ಪ್ರಕಾರ ಕೂಡಿ, ಎರಡನ್ನೂ ಹೋಲಿಸಿ. ತಾಳೆಯಾಗದ ಫೈಲುಗಳ ಹೆಸರು ನಿಮ್ಮ ಕೈಯಲ್ಲೇ ಇರುತ್ತದೆ. ಟು ನ್ಯೂಮರಿಕ್‌ಗೆ ಎರರ್ಸ್ ಅನ್ನು ಕೋಯರ್ಸ್ ಎಂದು ಕೊಟ್ಟರೆ, 4.6 ಎಂದಿರಬೇಕಾದಲ್ಲಿ 4..6 ಎಂದು ಟೈಪ್ ಆಗಿರುವಂಥವು ಸದ್ದಿಲ್ಲದೆ ಖಾಲಿಯಾಗುತ್ತವೆ. ಹಾಗೆ ಖಾಲಿಯಾದ ಸಾಲುಗಳನ್ನು ಒಮ್ಮೆ ಕಣ್ಣಾರೆ ನೋಡದೆ ಮುಂದೆ ಹೋಗಬಾರದು.

ದಿನಾಂಕಕ್ಕೆ ‘ಮೂಲ’ವನ್ನು ಅಡಿಗೆರೆಯಲ್ಲಿ ಎರಡಾಗಿ ಒಡೆಯಿರಿ, ಮೊದಲ ತುಂಡು ದಿನಾಂಕ, ಎರಡನೆಯದು ಹೊತ್ತು. ಟು ಡೇಟ್‌ಟೈಮ್ ಬಳಸುವಾಗ ದಿನ-ತಿಂಗಳು-ವರ್ಷ ಎಂಬ ಫಾರ್ಮ್ಯಾಟನ್ನು ಬಿಡಿಸಿ ಹೇಳಿ. ಹೇಳದಿದ್ದರೆ ಅದು ಅಮೆರಿಕದ ರೂಢಿಯಂತೆ 05-03-2024 ಎಂಬುದನ್ನು ಮೇ 3 ಎಂದು ಓದುತ್ತದೆ. ಪಾಂಡಾಸ್ 2.0ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ 13ನೇ ತಾರೀಕಿನಿಂದ ಮುಂದಿನವು ಸರಿಯಾಗಿಯೂ 12ರವರೆಗಿನವು ತಿರುಗುಮುರುಗಾಗಿಯೂ ಒಂದೇ ಕಾಲಮ್ಮಿನಲ್ಲಿ ಕುಳಿತುಬಿಡುತ್ತಿದ್ದವು. ಈಗ ಅಂಥಲ್ಲಿ ಎರರ್ ಬರುತ್ತದೆ, ಅಷ್ಟೇ ಸಮಾಧಾನ.

ಸದಸ್ಯರ ಹೆಸರುಗಳು ಕನ್ನಡದಲ್ಲಿದ್ದರೆ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ವಿಧಾನ) ಯುಟಿಎಫ್-8 ಆಗಿರಬೇಕು. ಯಾರಾದರೂ ಫೈಲನ್ನು ಎಕ್ಸೆಲ್ಲಿನಲ್ಲಿ ತೆರೆದು ಯುಟಿಎಫ್-8 ಅಲ್ಲದ ಸಾದಾ ಸಿಎಸ್‌ವಿಯಾಗಿ ಉಳಿಸಿದ್ದರೆ ಹೆಸರುಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಷ್ಟೇ ಇರುತ್ತವೆ, ಅವನ್ನು ಯಾವ ಪ್ರೋಗ್ರಾಮೂ ಮರಳಿ ತರಲಾರದು. ಸದಸ್ಯರ ಸಂಖ್ಯೆಯನ್ನು ಹಿಡಿದು ಬೇರೆ ಪಟ್ಟಿಯಿಂದ ಹೆಸರು ತುಂಬಿಕೊಳ್ಳಬೇಕು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಾದರೆ ಇಂಗ್ಲಿಷ್ ಅಕ್ಷರಗಳ ಗೊಂದಲ ಕಾಣುತ್ತದೆ. ಅದನ್ನು ಯೂನಿಕೋಡಿಗೆ ಪರಿವರ್ತಿಸಬಹುದು.

ಪ್ರೋಗ್ರಾಮೇ ಬೇಡವೆನ್ನುವವರಿಗೆ ಎಕ್ಸೆಲ್ 2016ರಿಂದೀಚೆಗೆ ಡೇಟಾ ಟ್ಯಾಬಿನಲ್ಲಿ ‘ಫ್ರಂ ಫೋಲ್ಡರ್’ ಎಂಬ ಸೌಲಭ್ಯವಿದೆ, ಫೈಲಿನ ಹೆಸರಿನ ಕಾಲಮ್ಮನ್ನು ಅದು ತಾನೇ ಸೇರಿಸಿಕೊಡುತ್ತದೆ. ಆದರೆ ಒಂದು ಫೈಲನ್ನು ಮಾದರಿಯಾಗಿ ಇಟ್ಟುಕೊಳ್ಳುವುದರಿಂದ, ಆ ಮಾದರಿಯಲ್ಲಿಲ್ಲದ ಕಾಲಂ ಬೇರೆ ಫೈಲಿನಲ್ಲಿದ್ದರೆ ಸುಳಿವಿಲ್ಲದೆ ಬಿಟ್ಟುಹೋಗುತ್ತದೆ. ಎಕ್ಸೆಲ್ ಹಾಳೆಯ ಮಿತಿ 10,48,576 ಸಾಲುಗಳು. ಹೊತ್ತಿಗೆ 150 ಮಂದಿ ಹಾಲು ಹಾಕುವ ಸಂಘವಾದರೆ ಒಂದು ವರ್ಷಕ್ಕೆ ಧಾರಾಳ, ಹತ್ತು ವರ್ಷದ್ದನ್ನು ಸೇರಿಸಿದರೆ ಸಾಲದು.

ಕೊನೆಯಲ್ಲಿ ಟು ಸಿಎಸ್‌ವಿಯಿಂದ ಉಳಿಸುವಾಗ ಎನ್‌ಕೋಡಿಂಗನ್ನು ಯುಟಿಎಫ್-8-ಸಿಗ್ ಎಂದು ಕೊಡಿ, ಆಗ ಎಕ್ಸೆಲ್ಲಿನಲ್ಲಿ ಕನ್ನಡ ಸರಿಯಾಗಿ ತೆರೆದುಕೊಳ್ಳುತ್ತದೆ. ಆ ಫೈಲನ್ನು ಬೇರೆ ಫೋಲ್ಡರಿನಲ್ಲಿ ಇಡಿ. ಅದೇ ಫೋಲ್ಡರಿನಲ್ಲಿಟ್ಟರೆ ಮುಂದಿನ ಸಲ ಗ್ಲಾಬ್ ಅದನ್ನೂ ಎತ್ತಿಕೊಂಡು ಎಲ್ಲವನ್ನೂ ಇಮ್ಮಡಿ ಮಾಡುತ್ತದೆ. 2024 ಅಧಿಕ ವರ್ಷವಾದ್ದರಿಂದ 366 ದಿನಕ್ಕೆ 732 ಫೈಲುಗಳಿರಬೇಕು. ಬೇರೆ ಬೇರೆ ‘ಮೂಲ’ಗಳು ಅಷ್ಟಿಲ್ಲದಿದ್ದರೆ ಯಾವ ದಿನದ ಯಾವ ಹೊತ್ತಿನದು ಇಲ್ಲವೆಂದು ದಿನಾಂಕದ ಪಟ್ಟಿಯೊಂದಿಗೆ ಹೋಲಿಸಿ, ಸಂಘದ ಕಂಪ್ಯೂಟರಿನಿಂದ ಮತ್ತೆ ಪಡೆದು, ಪ್ರೋಗ್ರಾಮನ್ನು ಇನ್ನೊಮ್ಮೆ ಓಡಿಸಿ.