ಕಾಯಂ ವಾಸದ ಅನುಮತಿ ಸಿಗುವವರೆಗೆ ಬಾಯಿ ಮುಚ್ಚಿಕೊಂಡಿರಬೇಕೇ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯವಳು. ಮೂರು ವರ್ಷಗಳಿಂದ ಇಂಗ್ಲೆಂಡಿನ ಉತ್ತರ ಭಾಗದ ಒಂದು ಪಟ್ಟಣದ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ಪತಿ ಮತ್ತು ಮಗ ನನ್ನ ವೀಸಾದ ಆಧಾರದ ಮೇಲೆಯೇ ಇಲ್ಲಿದ್ದಾರೆ. ನಮ್ಮ ಮನೆಯ ಹತ್ತಿರದ ಹೋಟೆಲೊಂದರಲ್ಲಿ ಆಶ್ರಯ ಕೋರಿ ಬಂದವರನ್ನು ಇರಿಸಿದ್ದಾರೆ. ಅದರೆದುರು ಪ್ರತಿಭಟನೆ ನಡೆದ ವಾರ ನಾನು ಫೇಸ್‌ಬುಕ್‌ನಲ್ಲಿ, ‘ಒಳಗಿರುವವರೂ ಮನುಷ್ಯರೇ, ಸರ್ಕಾರದ ಮಾತಿನ ಧಾಟಿಯೇ ಜನರನ್ನು ಕೆರಳಿಸುತ್ತಿದೆ’ ಎಂದು ಬರೆದೆ. ಸಹೋದ್ಯೋಗಿಯೊಬ್ಬರು ಅದನ್ನು ಮ್ಯಾನೇಜರ್‌ಗೆ ತೋರಿಸಿದರು. ಅವರು ನನ್ನನ್ನು ಕರೆದು, ‘ಸ್ವಲ್ಪ ಹುಷಾರಾಗಿರಿ’ ಎಂದಷ್ಟೇ ಹೇಳಿದರು. ಅದನ್ನು ಅಳಿಸಿಹಾಕು, ಕಾಯಂ ವಾಸದ ಅನುಮತಿ ಸಿಗುವವರೆಗೆ ಬಾಯಿ ಮುಚ್ಚಿಕೊಂಡಿರು ಎಂದು ಪತಿ ದಿನವೂ ಹೇಳುತ್ತಿದ್ದಾರೆ. ಇತ್ತ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೈಸೂರಿನ ಭಾವ, ‘ನೀನು ಸಾಲಿನಲ್ಲಿ ನಿಂತು ಹೋದವಳು, ದೋಣಿ ಹತ್ತಿ ನುಗ್ಗಿದವರನ್ನು ವಾಪಸ್ ಸಮುದ್ರಕ್ಕೇ ತಳ್ಳಬೇಕು’ ಎಂದು ಬರೆದಿದ್ದಾರೆ. ಅದಕ್ಕೂ ನಾನು ಉತ್ತರಿಸಲಿಲ್ಲ. ಮಾತನಾಡಿದರೆ ಸಂಸಾರಕ್ಕೆ ಕುತ್ತು, ಸುಮ್ಮನಿದ್ದರೆ ನನ್ನ ಮೇಲೆ ನನಗೇ ಬೇಸರ. ಏನು ಮಾಡಲಿ?

ಉತ್ತರ: ಪ್ರಿಯ ಸಹೋದರಿ, ನೀವು ಬರೆದದ್ದು ಇಷ್ಟೇ ಆಗಿದ್ದರೆ ಅದನ್ನು ಅಳಿಸಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಸದ್ಯಕ್ಕೆ ಅದಕ್ಕೆ ಬಂದ ಪ್ರತಿಕ್ರಿಯೆಗಳಿಗೆಲ್ಲ ಉತ್ತರಿಸುತ್ತಾ ಕೂರಬೇಡಿ. ಆದರೆ ಭಾವನವರಿಗೆ ಮಾತ್ರ ಉತ್ತರ ಕೊಡಿ. ನಿಮ್ಮ ಮಾತು ಹೆಚ್ಚು ಬೇಕಾಗಿರುವುದು ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಮೊದಲು ನಿಮ್ಮ ಪತಿಯ ವಿಷಯ. ಅವರ ಭಯವನ್ನು ಹೇಡಿತನವೆಂದು ತಿಳಿಯಬೇಡಿ. ಬ್ರಿಟನ್ನಿನ ಕೌಶಲ ಆಧಾರಿತ ವೀಸಾ ಉದ್ಯೋಗದಾತರ ಪ್ರಾಯೋಜಕತ್ವದ ಮೇಲೆ ನಿಂತಿರುತ್ತದೆ. ಕೆಲಸ ಹೋದರೆ ಗೃಹ ಇಲಾಖೆ ವೀಸಾದ ಅವಧಿಯನ್ನು ಸಾಮಾನ್ಯವಾಗಿ 60 ದಿನಗಳಿಗೆ ಇಳಿಸುತ್ತದೆ. ಅಷ್ಟರೊಳಗೆ ಹೊಸ ಪ್ರಾಯೋಜಕರನ್ನು ಹುಡುಕಿಕೊಳ್ಳಬೇಕು, ಇಲ್ಲವೇ ಮಗನ ಶಾಲೆ ಬಿಡಿಸಿ ಊರಿಗೆ ಹೊರಡಬೇಕು. ಐದು ವರ್ಷಕ್ಕೆ ಸಿಗುತ್ತಿದ್ದ ಕಾಯಂ ವಾಸವನ್ನು ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾಪವನ್ನು ಅಲ್ಲಿನ ಸರ್ಕಾರ 2025ರ ಮೇ ತಿಂಗಳಲ್ಲಿ ಮುಂದಿಟ್ಟಾಗ, ನಿಮ್ಮಂಥ ಎಷ್ಟೋ ಮನೆಗಳಲ್ಲಿ ಲೆಕ್ಕಾಚಾರವೇ ತಲೆಕೆಳಗಾಯಿತು. ‘ಅನುಮತಿ ಸಿಗುವವರೆಗೆ ಸುಮ್ಮನಿರು’ ಎಂಬ ಸಲಹೆಯಲ್ಲಿ ನನಗೆ ಕಾಣುವ ತೊಡಕೂ ಅದೇ. ಆ ದಿನ ಎರಡು ವರ್ಷದಲ್ಲಿ ಬರುತ್ತದೋ ಏಳು ವರ್ಷದಲ್ಲೋ ಎಂಬ ಖಾತರಿಯೇ ಇಲ್ಲದಿರುವಾಗ ಅಷ್ಟು ಕಾಲ ಮೌನವಾಗಿದ್ದವರಿಗೆ ಮೌನವೇ ರೂಢಿಯಾಗಿಬಿಡುತ್ತದೆ.

ನಿಮಗೆ ಗ್ಯಾರಿ ಲಿನೆಕರ್ ಪ್ರಕರಣ ನೆನಪಿರಬಹುದು. ದೋಣಿಗಳಲ್ಲಿ ಬರುವವರ ಆಶ್ರಯದ ಕೋರಿಕೆಯನ್ನು ಪರಿಶೀಲಿಸದೆಯೇ ಹೊರಗಟ್ಟುವ ಮಸೂದೆಯನ್ನು ಆಗಿನ ಗೃಹ ಸಚಿವೆ ಸುಯೆಲ್ಲಾ ಬ್ರೇವರ್‌ಮನ್ 2023ರ ಮಾರ್ಚ್ 7ರಂದು ಮಂಡಿಸಿದಾಗ, ಬಿಬಿಸಿಯ ಫುಟ್‌ಬಾಲ್ ಕಾರ್ಯಕ್ರಮದ ನಿರೂಪಕರಾಗಿದ್ದ ಲಿನೆಕರ್ ಅದನ್ನು ಟ್ವಿಟರ್‌ನಲ್ಲಿ ಕ್ರೂರ ನೀತಿ ಎಂದು ಕರೆದು, ಅದನ್ನು ಸಮರ್ಥಿಸಲು ಬಳಸಿದ ಭಾಷೆ ಮೂವತ್ತರ ದಶಕದ ಜರ್ಮನಿಯ ಭಾಷೆಯನ್ನು ಹೋಲುತ್ತದೆ ಎಂದರು. ಬಿಬಿಸಿ ಅವರನ್ನು ಕಾರ್ಯಕ್ರಮದಿಂದ ಕೆಳಗಿಳಿಸಿತು. ಜೊತೆಗಾರ ವಿಶ್ಲೇಷಕರು, ವೀಕ್ಷಕ ವಿವರಣೆ ನೀಡುವವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಮಾರ್ಚ್ 11ರ ಶನಿವಾರ ರಾತ್ರಿ ಆ ಕಾರ್ಯಕ್ರಮ ನಿರೂಪಕರಿಲ್ಲದೆ, ವಿವರಣೆಯಿಲ್ಲದೆ ಸುಮಾರು ಇಪ್ಪತ್ತೇ ನಿಮಿಷದಲ್ಲಿ ಮುಗಿದುಹೋಯಿತು. ಸೋಮವಾರ ಬಿಬಿಸಿಯ ಮಹಾನಿರ್ದೇಶಕ ಟಿಮ್ ಡೇವಿ ಕ್ಷಮೆ ಕೇಳಿದರು, ಲಿನೆಕರ್ ಮರಳಿದರು.

ಆ ಹೋಲಿಕೆ ಅತಿಯಾಯಿತೆಂದು ವಾದಿಸುವವರಿದ್ದಾರೆ, ಅವರ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ನಾನು ಗಮನಿಸುವುದು ಬೇರೆಯದನ್ನು. ಲಿನೆಕರ್ ಹಿಂದೆ ಹೆಸರಿತ್ತು, ಹಣವಿತ್ತು, ಜೊತೆಗೆ ಎದ್ದು ಹೊರನಡೆಯುವ ಗೆಳೆಯರಿದ್ದರು. ರಾತ್ರಿ ಪಾಳಿ ಮುಗಿಸಿ ಬಸ್ ಹಿಡಿಯುವ ನರ್ಸ್‌ಗೂ ಕಾನೂನು ಕೊಡುವ ಹಕ್ಕು ಅಷ್ಟೇ ಇರುತ್ತದೆ, ಆದರೆ ಅದನ್ನು ಬಳಸಿದರೆ ತೆರಬೇಕಾದ ಬೆಲೆ ಅಷ್ಟೇ ಆಗಿರುವುದಿಲ್ಲ. ಆದ್ದರಿಂದ ಲಿನೆಕರ್ ಅವರ ಎದೆಗಾರಿಕೆಯನ್ನು ನಿಮ್ಮ ಅಳತೆಗೋಲಾಗಿ ಮಾಡಿಕೊಂಡು ಕೊರಗಬೇಡಿ.

ಹಾಗೆಂದು ಇಲ್ಲದ ಭಯವನ್ನೂ ಹೊರಬೇಡಿ. ಸರ್ಕಾರದ ನೀತಿಯನ್ನು ಕಾನೂನಿನ ಮಿತಿಯೊಳಗೆ ಟೀಕಿಸಿದ್ದಾರೆ ಎಂಬುದು ಕಾಯಂ ವಾಸದ ಅರ್ಜಿಯನ್ನು ತಿರಸ್ಕರಿಸಲು ನಿಯಮಗಳಲ್ಲಿ ಹೇಳಿರುವ ಕಾರಣವಲ್ಲ. 1998ರ ಮಾನವ ಹಕ್ಕುಗಳ ಕಾಯ್ದೆಯ ಮೂಲಕ ಬ್ರಿಟನ್ನಿನ ಕಾನೂನಿಗೆ ಬಂದಿರುವ ಅಭಿವ್ಯಕ್ತಿ ಸ್ವಾತಂತ್ರ್ಯ ಅಲ್ಲಿನ ಪ್ರಜೆಗಳಿಗೆ ಮಾತ್ರ ಮೀಸಲಾದುದಲ್ಲ. ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕೆಲಸದಿಂದ ತೆಗೆದರೆ, ಇಷ್ಟು ವರ್ಷ ಸೇವೆ ಸಲ್ಲಿಸಿರಬೇಕೆಂಬ ಷರತ್ತಿಲ್ಲದೆ ಉದ್ಯೋಗ ನ್ಯಾಯಮಂಡಳಿಯ ಮೆಟ್ಟಿಲು ಹತ್ತಬಹುದು. ಇನ್ನೊಂದು ತೀರ್ಪು ನಿಮಗೆ ತಿಳಿದಿರಲಿ. ಶಾಲೆಗಳಲ್ಲಿ ಲಿಂಗತ್ವದ ಕುರಿತ ಪಾಠಗಳನ್ನು ವಿರೋಧಿಸಿ ಫೇಸ್‌ಬುಕ್‌ನಲ್ಲಿ ಹಂಚಿಕೊಂಡದ್ದಕ್ಕಾಗಿ ಕೆಲಸ ಕಳೆದುಕೊಂಡಿದ್ದ ಶಾಲಾ ಸಿಬ್ಬಂದಿಯೊಬ್ಬರ ಪರವಾಗಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2025ರ ಫೆಬ್ರುವರಿಯಲ್ಲಿ ತೀರ್ಪು ನೀಡಿತು. ಆಕೆಯ ನಿಲುವು ನಿಮ್ಮ ನಿಲುವಿಗೆ ದೂರದ್ದಾಗಿರಬಹುದು. ಆದರೂ ಆಕೆಯನ್ನು ಕಾಪಾಡಿದ ತತ್ವದ ನೆರಳು ನಿಮ್ಮ ಮೇಲೂ ಬೀಳುತ್ತದೆ. ನಮಗೆ ಹಿಡಿಸದ ಮಾತಿಗೂ ರಕ್ಷಣೆ ಇರಲಿ ಎಂದು ನಾವು ಒಪ್ಪಬೇಕಾದದ್ದು ಈ ಕಾರಣಕ್ಕೇ.

ನಿಮ್ಮ ವೃತ್ತಿಯ ಕಟ್ಟುಪಾಡುಗಳೂ ಇವೆ. ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ನ ಸಂಹಿತೆ ನರ್ಸ್‌ಗಳಿಗೆ ರಾಜಕೀಯ ಅಭಿಪ್ರಾಯ ಇರಬಾರದೆನ್ನುವುದಿಲ್ಲ, ಅದನ್ನು ಅನುಚಿತ ರೀತಿಯಲ್ಲಿ ವ್ಯಕ್ತಪಡಿಸಬಾರದು ಎನ್ನುತ್ತದೆ. ನಿಮ್ಮ ಪ್ರೊಫೈಲಿನಲ್ಲಿ ಆಸ್ಪತ್ರೆಯ ಹೆಸರು, ಸಮವಸ್ತ್ರದ ಫೋಟೊ ಇದ್ದರೆ ಇವತ್ತೇ ತೆಗೆಯಿರಿ. ವಾರ್ಡಿಗೆ ಬಂದ ಯಾವುದೇ ರೋಗಿಯ ಕಥೆಯನ್ನು, ಹೆಸರು ಬಿಟ್ಟಾದರೂ ಸರಿ, ಉದಾಹರಣೆಯಾಗಿ ಬಳಸಬೇಡಿ. ಹೋಟೆಲಿನಿಂದ ಬಂದ ಗರ್ಭಿಣಿಯೊಬ್ಬರ ಸಂಕಟ ನಿಮ್ಮ ವಾದಕ್ಕೆ ಎಷ್ಟೇ ಬಲ ಕೊಡುವಂತಿದ್ದರೂ ಅದು ಆಕೆಯದು, ಸಣ್ಣ ಪಟ್ಟಣದಲ್ಲಿ ಆಕೆ ಯಾರೆಂದು ಹತ್ತು ಜನಕ್ಕೆ ತಿಳಿದುಹೋಗುತ್ತದೆ. ಇನ್ನು, ಹೋಟೆಲಿನೆದುರು ಕೂಗುತ್ತಿದ್ದವನು ನಾಳೆ ನಿಮ್ಮ ವಾರ್ಡಿನಲ್ಲೇ ಮಲಗಬಹುದು. ಈ ನರ್ಸ್ ನನ್ನನ್ನು ಸರಿಯಾಗಿ ನೋಡಿಕೊಳ್ಳುತ್ತಾಳೆ ಎಂಬ ನಂಬಿಕೆ ಅವನಿಗೂ ಇರಬೇಕು. ನೀವು ಸರ್ಕಾರದ ಮಾತಿನ ಧಾಟಿಯನ್ನು ಟೀಕಿಸಿದ್ದೀರಿ, ಊರಿನವರನ್ನು ಹೀಗಳೆದಿಲ್ಲ. ನಿಮ್ಮ ಬರಹ ಉಳಿಯಲಿ ಎಂದು ನಾನು ಹೇಳಲು ಕಾರಣವೂ ಅದೇ.

ಮಾತಿನ ಸ್ವಾತಂತ್ರ್ಯ ಎಲ್ಲಿಗೆ ನಿಲ್ಲುತ್ತದೆ ಎಂಬುದಕ್ಕೆ ನಿಮ್ಮ ಕಣ್ಣೆದುರೇ ಉದಾಹರಣೆಯಿದೆ. 2024ರ ಜುಲೈ 29ರಂದು ಸೌತ್‌ಪೋರ್ಟ್‌ನಲ್ಲಿ ಮೂವರು ಪುಟ್ಟ ಹೆಣ್ಣುಮಕ್ಕಳ ಕೊಲೆಯಾದಾಗ, ಕೊಂದವನು ದೋಣಿಯಲ್ಲಿ ಬಂದ ಆಶ್ರಯಾರ್ಥಿ ಎಂಬ ಸುಳ್ಳು ಕೆಲವೇ ಗಂಟೆಗಳಲ್ಲಿ ಎಲ್ಲೆಡೆ ಹರಡಿತು. ಅವನು ಹುಟ್ಟಿದ್ದು ಕಾರ್ಡಿಫ್‌ನಲ್ಲಿ. ಆಗಸ್ಟ್ 4ರಂದು ರಾದರ್‌ಹ್ಯಾಮ್ ಬಳಿಯ ಹೋಟೆಲಿನೊಳಗೆ ಆಶ್ರಯಾರ್ಥಿಗಳೂ ಸಿಬ್ಬಂದಿಯೂ ಇರುವಾಗಲೇ ಗುಂಪು ಕಿಟಕಿಗಳನ್ನು ಒಡೆದು, ಉರಿಯುವ ಕಸದ ತೊಟ್ಟಿಯನ್ನು ಬಾಗಿಲಿಗೆ ಒತ್ತರಿಸಿತು. ಅಂಥ ಹೋಟೆಲುಗಳಿಗೆ ಬೆಂಕಿ ಹಚ್ಚಿ ಎಂಬರ್ಥದಲ್ಲಿ ಸೌತ್‌ಪೋರ್ಟ್ ಹತ್ಯೆಯ ದಿನವೇ ಬರೆದಿದ್ದ ಮಹಿಳೆಯೊಬ್ಬರಿಗೆ ನ್ಯಾಯಾಲಯ 31 ತಿಂಗಳ ಸೆರೆವಾಸ ವಿಧಿಸಿತು. ಆ ಶಿಕ್ಷೆ ಹೆಚ್ಚಾಯಿತೆಂದು ಬ್ರಿಟನ್ನಿನಲ್ಲಿ ಇನ್ನೂ ಚರ್ಚೆಯಿದೆ. ಶಿಕ್ಷೆಯ ಅವಧಿಯ ಬಗ್ಗೆ ಚರ್ಚಿಸಲಿ. ಆದರೆ ಜನರಿರುವ ಕಟ್ಟಡಕ್ಕೆ ಬೆಂಕಿ ಇಡಿ ಎನ್ನುವುದನ್ನು ಅಭಿಪ್ರಾಯವೆಂದು ಕರೆಯಲು ನಾನು ಸಿದ್ಧಳಿಲ್ಲ.

ಅದೇ ವಾರ ಸಂಡರ್‌ಲ್ಯಾಂಡ್‌ನಲ್ಲಿ ಕೆಲಸಕ್ಕೆ ಹೊರಟಿದ್ದ ಫಿಲಿಪೀನ್ಸ್ ಮೂಲದ ನರ್ಸ್‌ಗಳ ಮೇಲೆ ದಾಳಿಯಾಯಿತು. ಅವರೂ ನಿಮ್ಮಂತೆಯೇ ಪರೀಕ್ಷೆ ಬರೆದು, ವೀಸಾ ಪಡೆದು ಬಂದವರು. ಕಲ್ಲು ಎಸೆಯುವವನು ಯಾರ ವೀಸಾ ಯಾವ ಬಗೆಯದೆಂದು ಕೇಳಲಿಲ್ಲ. ‘ನಾವು ಬೇರೆ, ಅವರು ಬೇರೆ’ ಎಂಬ ಭಾವನವರ ಧೈರ್ಯಕ್ಕೆ ನೀವು ಹೇಳಬೇಕಾದ ಮೊದಲ ಮಾತು ಇದು.

ಎರಡನೆಯದು ಸಾಲಿನ ಮಾತು. ಉಕ್ರೇನ್, ಹಾಂಗ್‌ಕಾಂಗ್‌ನಂಥ ಕೆಲವು ಕಡೆಯವರಿಗೆ ಪ್ರತ್ಯೇಕ ಯೋಜನೆಗಳಿದ್ದವು ಎಂಬುದನ್ನು ಬಿಟ್ಟರೆ, ಬ್ರಿಟನ್ನಿನಲ್ಲಿ ಆಶ್ರಯ ಕೋರಬೇಕಾದರೆ ಆ ನೆಲದ ಮೇಲೆ ಕಾಲಿಟ್ಟಿರಲೇಬೇಕು. ಆಶ್ರಯ ಕೋರಲೆಂದೇ ಕೊಡುವ ವೀಸಾ ಇಲ್ಲ. ಸೂಡಾನಿನ ಯುದ್ಧದಿಂದ ತಪ್ಪಿಸಿಕೊಂಡವನು ನಿಲ್ಲಬಹುದಾದ ಸಾಲು ಎಲ್ಲಿದೆ ಎಂದು ಭಾವನವರನ್ನೇ ವಿನಯದಿಂದ ಕೇಳಿ. 1951ರ ನಿರಾಶ್ರಿತರ ಒಡಂಬಡಿಕೆಯನ್ನು ಬರೆದವರಿಗೆ ಇದು ಗೊತ್ತಿತ್ತು. ಆದ್ದರಿಂದಲೇ ಅಪಾಯದಿಂದ ನೇರವಾಗಿ ಬಂದು ತಡಮಾಡದೆ ಅಧಿಕಾರಿಗಳ ಮುಂದೆ ಹಾಜರಾದವರನ್ನು ಅಕ್ರಮ ಪ್ರವೇಶಕ್ಕಾಗಿ ಶಿಕ್ಷಿಸಬಾರದೆಂದು ಅದರ 31ನೇ ವಿಧಿಯಲ್ಲಿ ಹೇಳಿದರು. ಫ್ರಾನ್ಸ್ ದಾಟಿ ಬಂದವರು ‘ನೇರವಾಗಿ’ ಬಂದವರೇ ಎಂಬುದು ವಾದದ ವಿಷಯ, ಭಾವನವರು ಅದನ್ನು ಎತ್ತಿದರೆ ಅದು ನ್ಯಾಯವಾದ ಪ್ರಶ್ನೆಯೆಂದು ಒಪ್ಪಿಕೊಳ್ಳಿ. ಹೋಟೆಲ್ ವಾಸದ ಸುಖದ ಮಾತೂ ಬರುತ್ತದೆ. ಊಟ ಕೊಡದ ವಸತಿಯಲ್ಲಿರುವ ಆಶ್ರಯಾರ್ಥಿಗೆ 2024ರ ಆರಂಭದಲ್ಲಿ ನಿಗದಿಯಾದ ಭತ್ಯೆ ವಾರಕ್ಕೆ 49.18 ಪೌಂಡ್, ಊಟ ಕೊಡುವ ಹೋಟೆಲಿನಲ್ಲಿರುವವರಿಗೆ ಇದಕ್ಕಿಂತ ಬಹಳ ಕಡಿಮೆ. ದುಡಿಯುತ್ತೇನೆಂದರೂ ಸಾಮಾನ್ಯವಾಗಿ ಅನುಮತಿಯಿಲ್ಲ, ಅರ್ಜಿ ಹನ್ನೆರಡು ತಿಂಗಳು ಇತ್ಯರ್ಥವಾಗದೆ ಉಳಿದರೆ ಮಾತ್ರ ಕೆಲವು ಬಗೆಯ ಕೆಲಸಗಳಿಗೆ ಅನುಮತಿ ಕೇಳಬಹುದು.

ಭಾವನವರು ಮೈಸೂರಿನವರು ಎಂದಿರಿ. ಮನೆಗೆ ನೆಂಟರು ಬಂದಾಗ ಬೈಲಕುಪ್ಪೆಯ ಚಿನ್ನದ ದೇಗುಲಕ್ಕೆ ಕರೆದೊಯ್ದು ಫೋಟೊ ತೆಗೆಸಿಕೊಂಡವರಲ್ಲಿ ಅವರೂ ಒಬ್ಬರಿರಬಹುದು. ಚೀನಾದ ಸೇನೆಗೆ ಹೆದರಿ 1959ರಲ್ಲಿ ಹಿಮಾಲಯ ದಾಟಿ ಬಂದ ಟಿಬೆಟನ್ನರು ಯಾವ ವೀಸಾ ಸಾಲಿನಲ್ಲೂ ನಿಂತಿರಲಿಲ್ಲ. ಆಗಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಅವರಿಗೆ ನೆಲ ಕೊಟ್ಟಿತು, ಕಾಡು ಕಡಿದು ಜೋಳ ಬಿತ್ತಿದ ಆ ಜನರ ಮೊಮ್ಮಕ್ಕಳು ಇಂದು ನಮ್ಮೊಂದಿಗೆ ಕನ್ನಡ ಮಾತನಾಡುತ್ತಾರೆ. ಭಾರತ ಆ ಒಡಂಬಡಿಕೆಗೆ ಸಹಿ ಹಾಕದಿದ್ದರೂ ನಮ್ಮ ಹಿರಿಯರು ಈ ಕೆಲಸ ಮಾಡಿದರು. ಇದನ್ನು ಭಾವನವರಿಗೆ ಚುಚ್ಚುಮಾತಾಗಿ ಅಲ್ಲ, ನಮ್ಮ ಊರಿನ ಹೆಮ್ಮೆಯಾಗಿ ಹೇಳಿ. ‘ಭಾವ, ನಿಮ್ಮ ಮಾತು ಓದಿ ನನಗೆ ನೋವಾಯಿತು’ ಎಂದು ಆರಂಭಿಸಿದರೆ ಸಾಕು. ಮೊದಲು ಅವರಿಗೊಬ್ಬರಿಗೇ ಬರೆಯಿರಿ. ಎಲ್ಲರೆದುರು ಮುಖಭಂಗವಾದ ಹಿರಿಯರು ಆ ಮೇಲೆ ಯಾವ ಮಾತನ್ನೂ ಕೇಳಿಸಿಕೊಳ್ಳುವುದಿಲ್ಲ. ಈ ಮಾತುಕತೆಯಲ್ಲಿ ನಿಮ್ಮ ವೀಸಾಗೆ ಕುತ್ತಿಲ್ಲ, ಮ್ಯಾನೇಜರ್ ಇಲ್ಲ, ಸಂಹಿತೆಯೂ ಅಡ್ಡ ಬರುವುದಿಲ್ಲ. ಸಂಬಂಧ ನಾಲ್ಕು ದಿನ ಮುನಿಸಿಕೊಳ್ಳಬಹುದು ಅಷ್ಟೆ. ಸಾವಿರಾರು ಅಪರಿಚಿತರಿಗೆ ಬರೆದದ್ದಕ್ಕಿಂತ ಈ ಒಂದು ಉತ್ತರ ಹೆಚ್ಚು ಕೆಲಸ ಮಾಡೀತು ಎಂದು ನಾನು ನಂಬುತ್ತೇನೆ.

ಹೋಟೆಲಿನೆದುರು ನಿಂತವರೆಲ್ಲ ಬೆಂಕಿ ಹಚ್ಚುವವರಲ್ಲ ಎಂಬುದನ್ನೂ ಮರೆಯಬೇಡಿ. ತಮ್ಮೂರಿನ ಹೋಟೆಲನ್ನು ತಮ್ಮನ್ನು ಕೇಳದೆ ಲಂಡನ್ನಿನಲ್ಲಿ ಕುಳಿತವರು ತೆಗೆದುಕೊಂಡರು ಎಂಬ ಸಿಟ್ಟು, ಡಾಕ್ಟರರ ಭೇಟಿಗಾಗಿ ವಾರಗಟ್ಟಲೆ ಕಾಯುವ ಬೇಗೆ ಅವರದು. ವಲಸೆ ಕಡಿಮೆಯಾಗಲಿ ಎನ್ನುವುದು ದ್ವೇಷವಲ್ಲ, ಅದೊಂದು ರಾಜಕೀಯ ನಿಲುವು. ನಿಮ್ಮ ಬರಹವನ್ನು ಮ್ಯಾನೇಜರ್‌ಗೆ ತೋರಿಸಿದ ಸಹೋದ್ಯೋಗಿಯೂ ಬಹುಶಃ ಅಂಥದ್ದೇ ಬೇಗೆಯಲ್ಲಿರುವವರು. ಅವರೊಡನೆ ಮಾತು ಬಿಡಬೇಡಿ.

ಸರ್ಕಾರಕ್ಕೆ ನಿಮ್ಮ ಮಾತು ತಲುಪಬೇಕೆಂದಿದ್ದರೆ ಫೇಸ್‌ಬುಕ್‌ಗಿಂತ ನೇರವಾದ ದಾರಿಯಿದೆ. ಭಾರತ ಕಾಮನ್‌ವೆಲ್ತ್ ರಾಷ್ಟ್ರವಾದ್ದರಿಂದ, ಬ್ರಿಟನ್ನಿನಲ್ಲಿ ಅನುಮತಿ ಪಡೆದು ವಾಸಿಸುವ ಭಾರತೀಯ ಪ್ರಜೆಗಳಿಗೆ ಅಲ್ಲಿನ ಸಂಸತ್ ಚುನಾವಣೆಯಲ್ಲೂ ಮತ ಹಾಕುವ ಹಕ್ಕಿದೆ. ಬಹಳಷ್ಟು ಕನ್ನಡಿಗರು ಮತದಾರರ ಪಟ್ಟಿಗೆ ಸೇರುವುದೇ ಇಲ್ಲ. ನೀವೂ ನಿಮ್ಮ ಪತಿಯೂ ಹೆಸರು ನೋಂದಾಯಿಸಿ, ನಿಮ್ಮ ಕ್ಷೇತ್ರದ ಸಂಸದರಿಗೆ ಒಂದು ಪುಟದ ಪತ್ರ ಬರೆಯಿರಿ.

ಆಸ್ಪತ್ರೆಯಲ್ಲಿ ನಡೆದದ್ದನ್ನು ದಿನಾಂಕ ಸಹಿತ ಬರೆದಿಟ್ಟುಕೊಳ್ಳಿ. ‘ಹುಷಾರಾಗಿರಿ’ ಎಂಬ ಬಾಯಿಮಾತು ಶಿಸ್ತುಕ್ರಮವಲ್ಲ. ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಅಥವಾ ಯುನಿಸನ್ ಸಂಘಕ್ಕೆ ನೀವಿನ್ನೂ ಸೇರಿರದಿದ್ದರೆ ಈಗಲೇ ಸೇರಿಕೊಳ್ಳಿ, ಏಕೆಂದರೆ ತೊಂದರೆ ಶುರುವಾದ ಮೇಲೆ ಸೇರಿದವರಿಗೆ ಹಳೆಯ ಪ್ರಕರಣದಲ್ಲಿ ಸಂಘದ ನೆರವು ಸಿಗುವುದು ಕಷ್ಟ. ವಿಧಿವತ್ತಾದ ಶಿಸ್ತು ವಿಚಾರಣೆಗೆ ಕರೆದರೆ ಸಂಘದ ಪ್ರತಿನಿಧಿಯನ್ನೋ ಸಹೋದ್ಯೋಗಿಯನ್ನೋ ಜೊತೆಗೆ ಕರೆದೊಯ್ಯುವ ಹಕ್ಕು ಕಾನೂನಿನಲ್ಲಿದೆ. ಒಬ್ಬರೇ ಹೋಗಬೇಡಿ, ಅಲ್ಲಿಯೇ ಯಾವುದಕ್ಕೂ ಸಹಿ ಹಾಕಬೇಡಿ. ಈ ಉತ್ತರವನ್ನು ನಿಮ್ಮ ಪತಿಗೂ ಓದಲು ಕೊಡಿ. 60 ದಿನಗಳ ನಿಯಮ ಅವರ ಮೇಲೂ ಬೀಳುವಂಥದ್ದು. ಹಾಗಾಗಿ ಸಂಘದವರೊಡನೆ ಮಾತನಾಡಲು ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಅವರ ಪ್ರಶ್ನೆಗಳನ್ನು ಅವರೇ ಕೇಳಲಿ.